ಹಳೆ ಟ್ರೀ ಸ್ಟ್ಯಾಂಡ್: ಹತ್ತುವ ಮುಂಚೆ ದೋಷ ಪತ್ತೆ ಹಚ್ಚುವುದು ಹೇಗೆ

ಮಿಶಿಗನ್‌ನಲ್ಲಿ ನಾವು ಮನೆ ತಗೊಂಡಾಗ ಹಿಂದಿನ ಹತ್ತು ಎಕರೆ ಕಾಡಿನ ಜೊತೆ ಮೂರು ಟ್ರೀ ಸ್ಟ್ಯಾಂಡ್‌ಗಳೂ ಬಂದವು. ಅಂದರೆ ಬೇಟೆಗಾರರು ಮರದ ಮೇಲೆ ಕೂತು ಜಿಂಕೆಗೆ ಕಾಯುವ ಆಸನಗಳು, ಹಳೆಯ ಮಾಲೀಕರು ಬಿಟ್ಟು ಹೋಗಿದ್ದವು. ಒಂದು ಏಣಿಯದು. ಇನ್ನೊಂದು ಮರಕ್ಕೆ ನೇತು ಹಾಕುವಂಥದ್ದು, ಕಾಲಿಡಲು ಒಂದು ತಟ್ಟೆ, ಕೂರಲು ಒಂದು ಸೀಟು. ಮೂರನೆಯದು ಮರದ ಹಲಗೆ ಹೊಡೆದು ಮಾಡಿದ ಅಟ್ಟಣೆ. ಆ ವರ್ಷ ಜಿಂಕೆ ಬೇಟೆಯ ಲೈಸೆನ್ಸ್ ತಗೊಂಡಿದ್ದೆ. ಸ್ಟ್ಯಾಂಡ್ ಖರ್ಚು ಉಳಿಯಿತು ಅಂತ ಖುಷಿಪಟ್ಟೆ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಬಲ ಬರಲಿ ಅಂತ ಮರಕ್ಕೆ ಬಿಗಿದಿದ್ದ ಪಟ್ಟಿಯನ್ನು ಹಿಡಿದು ಎಳೆದೆ. ಅದು ಕೈಗೇ ಬಂತು. ನಾನಿನ್ನೂ ನೆಲದಲ್ಲೇ ಇದ್ದೆ, ಹಾಗಾಗಿ ಏನೂ ಆಗಲಿಲ್ಲ. ಹದಿನೈದು ಅಡಿ ಮೇಲೆ ಇನ್ನೊಂದು ಪಟ್ಟಿ ಇತ್ತು. ಅದೂ ಇದರ ಜೊತೆಗೇ ಕಟ್ಟಿದ್ದು, ಇದರಷ್ಟೇ ಹಳೆಯದು.

ಅವತ್ತಿನಿಂದ ನಾನು ಮಾಡಿಕೊಂಡ ತಪಾಸಣೆಯ ಕ್ರಮ ಇದು. ಅಮೆರಿಕದಲ್ಲಿರುವ ನಮ್ಮವರು ಕೆಲವರು ಈಗ ಆಫೀಸಿನ ಗೆಳೆಯರ ಜೊತೆ ಬೇಟೆಗೆ ಹೋಗುತ್ತಿದ್ದಾರೆ. ಯಾರೋ ಬಿಟ್ಟ, ಯಾರೋ ಕೊಟ್ಟ ಹಳೆಯ ಸ್ಟ್ಯಾಂಡ್ ಮೇಲೆ ಕೂರುತ್ತಾರೆ. ಬರೆದಿರುವುದು ಅವರಿಗಾಗಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಆ ಮಾತು ಬೇರೆ. ಇಲ್ಲಿ ಮಿಶಿಗನ್‌ನಲ್ಲಿ ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ಬಂದೂಕಿನದು ನವೆಂಬರ್ 15ರಿಂದ 30ರವರೆಗೆ. ತಪಾಸಣೆ ಆಗಸ್ಟ್‌ನಲ್ಲೇ ಮುಗಿಯಬೇಕು. ಸೀಸನ್ನಿನ ಹಿಂದಿನ ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಎಲ್ಲವೂ ಸರಿಯಾಗಿದೆ ಅಂತಲೇ ಅನ್ನಿಸುತ್ತದೆ.

ತೀರ್ಥಹಳ್ಳಿ ಕಡೆ ನಮ್ಮಜ್ಜ ಗದ್ದೆಗೆ ಹಂದಿ ಬರದಂತೆ ಕಾಯಲು ಅಟ್ಟಣೆ ಕಟ್ಟುತ್ತಿದ್ದರು. ಪ್ರತಿ ವರ್ಷ ಹೊಸ ಬಿದಿರು, ಹೊಸ ಹಗ್ಗ. ಹಳೆಯದು ಎಷ್ಟೇ ಗಟ್ಟಿ ಕಂಡರೂ ಬಿಚ್ಚಿ ಬಚ್ಚಲ ಒಲೆಗೆ ಹಾಕುತ್ತಿದ್ದರು. ಚೆನ್ನಾಗೇ ಇದೆಯಲ್ಲ ಅಂತ ಕೇಳಿದರೆ, "ಮಳೆ ಕುಡಿದಿದೆ ಮಗಾ" ಅನ್ನುತ್ತಿದ್ದರು. ಆ ಪಟ್ಟಿ ಕೈಗೆ ಬಂದಾಗ ನನಗೆ ನೆನಪಾಗಿದ್ದು ಅದೇ ಮಾತು.

ಶುರು ಮಾಡುವ ಮುಂಚೆ

ಒಬ್ಬರೇ ಹೋಗಬೇಡಿ. ದುರ್ಬೀನು, ಸುತ್ತಿಗೆ, ಉದ್ದ ಸ್ಕ್ರೂಡ್ರೈವರ್, ಟಾರ್ಚ್, ದಪ್ಪ ಕೈಗವಸು ಇಟ್ಟುಕೊಳ್ಳಿ. ಮೊದಲ ಸುತ್ತು ಪೂರ್ತಿ ನೆಲದ ಮೇಲಿಂದಲೇ. ಸ್ಟ್ಯಾಂಡಿನಿಂದ ಒಂದು ಇಪ್ಪತ್ತು ಹೆಜ್ಜೆ ದೂರ ನಿಂತು ದುರ್ಬೀನಿನಲ್ಲಿ ಸೀಟಿನ ಅಡಿಭಾಗ ನೋಡಿ. ಬೇಸಿಗೆಯಲ್ಲಿ ಕಣಜಗಳು ಅಲ್ಲೇ ಗೂಡು ಕಟ್ಟುತ್ತವೆ. ಮೇಲೆ ಹತ್ತಿದ ಮೇಲೆ ಅವು ಎದ್ದರೆ ಓಡಲು ಜಾಗವಿಲ್ಲ. ಕಾಂಡಕ್ಕೆ ಕೂದಲು ಕೂದಲಾದ ಬಳ್ಳಿ ಅಂಟಿಕೊಂಡಿದ್ದರೆ ಮುಟ್ಟಬೇಡಿ, ಅದು ಪಾಯ್ಸನ್ ಐವಿ ಇರಬಹುದು. ವಾರಗಟ್ಟಲೆ ತುರಿಸುತ್ತದೆ.

ಲಕ್ಷಣ: ಮರದಲ್ಲಿ ಎಲೆ ಕಡಿಮೆ, ತೊಗಟೆ ಸಿಪ್ಪೆ ಎದ್ದಿದೆ

ಎಲ್ಲರೂ ಕಬ್ಬಿಣ ನೋಡುತ್ತಾರೆ, ಮರ ನೋಡುವುದಿಲ್ಲ. ನಾನು ಮರದಿಂದಲೇ ಶುರು ಮಾಡುವುದು. ಮರ ಸತ್ತಿದ್ದರೆ ಮುಂದಿನ ಯಾವ ತಪಾಸಣೆಗೂ ಅರ್ಥವಿಲ್ಲ.

ಈ ಭಾಗದಲ್ಲಿ ದೊಡ್ಡ ಸಮಸ್ಯೆ ಆ್ಯಶ್ ಮರದ್ದು. ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಮಿಂಚಿನ ದುಂಬಿ ಏಷ್ಯಾದಿಂದ ಬಂದದ್ದು. ಡೆಟ್ರಾಯಿಟ್ ಹತ್ತಿರ ಅದು ಪತ್ತೆಯಾಗಿದ್ದು 2002ರಲ್ಲಿ. ಅಲ್ಲಿಂದ ಈಚೆಗೆ ಕೋಟಿಗಟ್ಟಲೆ ಆ್ಯಶ್ ಮರಗಳು ಸತ್ತಿವೆ. ಅದರ ಮರಿಹುಳುಗಳು ತೊಗಟೆಯ ಅಡಿಯಲ್ಲಿ ಹಾವಿನಂತೆ ಸುತ್ತಿ ಸುತ್ತಿ ಕೊರೆದು, ಮರಕ್ಕೆ ನೀರು, ಆಹಾರ ಸಾಗುವ ದಾರಿಯನ್ನೇ ಕತ್ತರಿಸುತ್ತವೆ. ಇಪ್ಪತ್ತು ವರ್ಷ ಹಿಂದೆ ಸ್ಟ್ಯಾಂಡ್ ಕಟ್ಟಿದವರು ನೇರವಾಗಿ ಬೆಳೆದ, ಗಟ್ಟಿಯಾದ ಆ್ಯಶ್ ಮರವನ್ನು ಹುಡುಕಿ ಕಟ್ಟಿದ್ದರು. ಈಗ ಆ ಮರ ನಿಂತಲ್ಲೇ ಒಣಗಿದೆ, ಸ್ಟ್ಯಾಂಡ್ ಮಾತ್ರ ಹಾಗೇ ಇದೆ. ಸತ್ತ ಆ್ಯಶ್ ಬಹಳ ಬೇಗ ಪೆಡಸಾಗುತ್ತದೆ. ಬಾಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ಲಟಕ್ ಅಂತ ಮುರಿಯುತ್ತದೆ.

ಗುರುತು ಹಿಡಿಯುವುದು ಸುಲಭ. ಆ್ಯಶ್‌ನಲ್ಲಿ ಕೊಂಬೆಗಳು ಎದುರುಬದುರಾಗಿ ಜೋಡಿಯಾಗಿ ಹೊರಡುತ್ತವೆ, ದೊಡ್ಡ ಮರದ ತೊಗಟೆಯ ಬಿರುಕುಗಳು ವಜ್ರದ ಆಕಾರದಲ್ಲಿರುತ್ತವೆ. ತೊಗಟೆಯಲ್ಲಿ ಇಂಗ್ಲಿಷಿನ ಡಿ ಅಕ್ಷರದಂಥ ಸಣ್ಣ ತೂತುಗಳಿವೆಯಾ ನೋಡಿ. ಮರಕುಟಿಗಗಳು ಹುಳುವಿಗಾಗಿ ತೊಗಟೆ ಕೆರೆದು ಕಾಂಡ ತಿಳಿ ಬಣ್ಣಕ್ಕೆ ತಿರುಗಿರುತ್ತದೆ. ಇಂಥ ಮರಕ್ಕೆ ಔಷಧ, ರಿಪೇರಿ ಯೋಚನೆ ಬೇಡ. ಸ್ಟ್ಯಾಂಡ್ ಬಿಚ್ಚಲು ಕೂಡ ಹತ್ತಬೇಡಿ. ಮರ ಕಡಿಯುವ ಕೆಲಸದವರನ್ನು ಕರೆಸಿ, ಮರದ ಜೊತೆಗೇ ಸ್ಟ್ಯಾಂಡನ್ನೂ ಇಳಿಸಿ.

ಬೇರೆ ಮರಗಳಾದರೆ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟುತ್ತಾ ಬನ್ನಿ. ಗಟ್ಟಿ ಮರ ಠಣ್ ಅಂತ ಚಿಕ್ಕ ಸದ್ದು ಮಾಡುತ್ತದೆ. ಒಳಗೆ ಪೊಳ್ಳಾಗಿದ್ದರೆ ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಬುಡದಲ್ಲಿ ಅಣಬೆ ಎದ್ದಿದ್ದರೆ, ದೊಡ್ಡಿರುವೆಗಳು ಮರದ ಪುಡಿ ಹೊರಗೆ ತಂದು ಹಾಕುತ್ತಿದ್ದರೆ ಆ ಮರ ಬೇಡ. ತಲೆ ಮೇಲೆ ಒಣ ಕೊಂಬೆ ನೇತಾಡುತ್ತಿದ್ದರೂ ಬೇಡ.

ಲಕ್ಷಣ: ಪಟ್ಟಿ ಮರದೊಳಗೆ ಹೂತಿದೆ, ಅಥವಾ ಬಣ್ಣ ಮಾಸಿದೆ

ನನ್ನ ಕೈಗೆ ಬಂದ ಪಟ್ಟಿಯ ಕಥೆ ಇದು. ಮುಂದಿನಿಂದ ನೋಡಿದರೆ ಹಸಿರು ಬಣ್ಣ ಸ್ವಲ್ಪ ಮಾಸಿತ್ತು, ಅಷ್ಟೇ. ಬಿಚ್ಚಿಕೊಂಡು ಬಂದ ಮೇಲೆ ತಿರುಗಿಸಿ ನೋಡಿದೆ. ಮರದ ಹಿಂಭಾಗಕ್ಕಿದ್ದ ಕಡೆ ಅಳಿಲು ಅಂಚನ್ನು ಕಡಿದು ಅರ್ಧ ಅಗಲ ಮಾಡಿಟ್ಟಿತ್ತು. ಉಳಿದರ್ಧವನ್ನು ಬೆರಳಲ್ಲಿ ಮಡಚಿದರೆ ನೂಲಿನಿಂದ ಸುಣ್ಣದಂಥ ಪುಡಿ ಉದುರಿತು. ವರ್ಷಾನುಗಟ್ಟಲೆ ಬಿಸಿಲು ಹೊಡೆದರೆ ನೈಲಾನ್, ಪಾಲಿಯೆಸ್ಟರ್ ಎರಡೂ ಹೀಗೇ ಆಗುತ್ತವೆ. ಪಟ್ಟಿಯನ್ನು ಎಳೆದು ಬಿಗಿಯುವ ರಾಚೆಟ್‌ನ ಹಲ್ಲು ಮಾತ್ರ ಬಿಗಿಯಾಗಿ ಕಚ್ಚಿಕೊಂಡೇ ಇತ್ತು. ಬಿಗಿ ಇದೆ ಅನ್ನುವುದು ಗಟ್ಟಿ ಇದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಇನ್ನೊಂದು ಕಾರಣ ಮರದ ಬೆಳವಣಿಗೆ. ಮರ ಪ್ರತಿ ವರ್ಷ ದಪ್ಪ ಆಗುತ್ತದೆ. ಪಟ್ಟಿ ಹಿಗ್ಗುವುದಿಲ್ಲ. ವರ್ಷವಿಡೀ ಬಿಟ್ಟರೆ ಪಟ್ಟಿಯ ಮೇಲೆ ಸದಾ ಎಳೆತ ಬೀಳುತ್ತದೆ, ಆಮೇಲೆ ತೊಗಟೆ ಅದನ್ನು ನುಂಗುತ್ತದೆ. ಹೂತಿರುವ ಭಾಗ ಹೇಗಿದೆ ಅಂತ ನೋಡಲು ಸಾಧ್ಯವೇ ಇಲ್ಲ, ಅಲ್ವಾ? ಹಾಗಾಗಿ ಅದು ಕೆಟ್ಟಿದೆ ಅಂತಲೇ ಲೆಕ್ಕ.

ಪರಿಹಾರ ಒಂದೇ, ಎಲ್ಲಾ ಪಟ್ಟಿಗಳನ್ನೂ ಬದಲಿಸಿ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಇಲ್ಲಿನ ರೂಢಿ. ಸೀಸನ್ ಮುಗಿದ ಮೇಲೆ ಸ್ಟ್ಯಾಂಡನ್ನೇ ಬಿಚ್ಚಿ ಷೆಡ್ಡಿಗೆ ತಂದಿಟ್ಟರೆ ಇನ್ನೂ ಒಳ್ಳೆಯದು. ಬದಲಿಸುವಾಗ ಜನ ತಪ್ಪುವುದು ಇಲ್ಲೇ. ಹಳೆಯ ಪಟ್ಟಿ ಬಿಚ್ಚಲು ಅದೇ ಏಣಿ ಹತ್ತುತ್ತಾರೆ. ಹಾಗೆ ಮಾಡಬೇಡಿ. ಪಕ್ಕದಲ್ಲಿ ಬೇರೆ ಗಟ್ಟಿ ಏಣಿಯನ್ನು ಮರಕ್ಕೆ ಕಟ್ಟಿ, ಹಾರ್ನೆಸ್ (ಬಿದ್ದರೆ ಹಿಡಿದು ನಿಲ್ಲಿಸಲು ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳು) ಹಾಕಿಕೊಂಡು, ಲೈನ್‌ಮನ್ ಬೆಲ್ಟನ್ನು ಮರದ ಸುತ್ತ ಹಾಕಿ ಹತ್ತಿ. ಮೊದಲು ಹೊಸ ಪಟ್ಟಿ ಬಿಗಿಯಿರಿ. ಹಳೆಯದನ್ನು ಕತ್ತರಿಸುವುದು ಆಮೇಲೆ. ಸ್ಟ್ಯಾಂಡ್ ತಯಾರಿಸಿದವರು ಕೊಡುವಂಥದ್ದೇ ಪಟ್ಟಿ ತನ್ನಿ. ಲಾರಿ ಲೋಡು ಬಿಗಿಯುವ ಅಗ್ಗದ ಪಟ್ಟಿ, ಬಟ್ಟೆ ಒಣಗಿಸುವ ಹಗ್ಗ ಇಂಥದ್ದೆಲ್ಲ ಬೇಡ.

ಲಕ್ಷಣ: ಕಿರ್ ಅನ್ನುತ್ತದೆ, ಟಕ್ ಅನ್ನುತ್ತದೆ

ಸದ್ದು ಬಂದರೆ ಜಿಂಕೆ ಓಡುತ್ತದೆ ಅಂತ ಎಣ್ಣೆ ಬಿಡುವವರಿದ್ದಾರೆ. ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಅಂತ ತಿಳಿಯಬೇಕು. ಒಬ್ಬರು ನೆಲದಲ್ಲೇ ನಿಂತು ಏಣಿಯನ್ನು ಮೆಲ್ಲಗೆ ಅಲ್ಲಾಡಿಸಲಿ, ಇನ್ನೊಬ್ಬರು ಕಿವಿಗೊಡಲಿ.

ಉದ್ದಕ್ಕೆ ಎಳೆದ ಕಿರ್ ಸದ್ದು ಸಾಮಾನ್ಯವಾಗಿ ಲೋಹಕ್ಕೆ ಲೋಹ ಉಜ್ಜುವುದರಿಂದ. ಸಂದಿನ ನೈಲಾನ್ ವಾಷರ್ ಸವೆದಿರುತ್ತದೆ. ಅದನ್ನು ಬದಲಿಸಿದರೆ ಮುಗಿಯಿತು. ಒಣ ಟಕ್ ಟಕ್ ಬಂದರೆ ಬೋಲ್ಟ್ ಸಡಿಲ, ಅಥವಾ ಏಣಿಯ ತುಂಡುಗಳನ್ನು ಜೋಡಿಸುವ ಪಿನ್ ಇಲ್ಲ. ಪಿನ್ ಬಿದ್ದು ಹೋದ ಕಡೆ ಮೊಳೆ, ತಂತಿ ತುರುಕಿರುವುದನ್ನು ನಾನೇ ನೋಡಿದ್ದೇನೆ. ಅಂಥದ್ದನ್ನು ತೆಗೆದು ಅದೇ ಅಳತೆಯ, ಅದೇ ದರ್ಜೆಯ ಬೋಲ್ಟ್, ಲಾಕ್ ನಟ್ ಹಾಕಿ. ಕಟ್ ಅಂತ ಒಂದೇ ಒಂದು ಸಲ ಸದ್ದು ಬಂದು ಆಮೇಲೆ ನಿಂತರೆ ಹೆಚ್ಚು ಹೆದರಬೇಕು. ವೆಲ್ಡಿಂಗ್ ಬಿಟ್ಟಿರಬಹುದು, ಕೇಬಲ್ಲಿನ ಒಂದು ಎಳೆ ಹರಿದಿರಬಹುದು. ಸ್ಟ್ಯಾಂಡನ್ನು ಕೆಳಗಿಳಿಸಿಯೇ ನೋಡಬೇಕು.

ಲಕ್ಷಣ: ಬಣ್ಣದ ಅಡಿಯಲ್ಲಿ ಗುಳ್ಳೆ, ಕೊಳವೆಯಲ್ಲಿ ಸೀಳು

ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ. ಅಪಾಯ ಒಳಗಿನದು. ಕಬ್ಬಿಣದ ಕೊಳವೆಯೊಳಗೆ ಮಳೆ ನೀರು ಇಳಿದು ನಿಲ್ಲುತ್ತದೆ. ಇಲ್ಲಿನ ಚಳಿಗೆ ಅದು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕೊಳವೆಯ ಬೆಸುಗೆ ಉದ್ದಕ್ಕೆ ಸೀಳುತ್ತದೆ. ಈ ಸೀಳು ಹೆಚ್ಚಾಗಿ ಏಣಿಯ ಕೆಳಗಿನ ತುಂಡಿನಲ್ಲಿರುತ್ತದೆ, ಮರದ ಕಡೆಗೆ ಮುಖ ಮಾಡಿದ ಬದಿಯಲ್ಲಿ ಇದ್ದರೆ ಗೊತ್ತೇ ಆಗುವುದಿಲ್ಲ. ಕೈಗವಸು ತೆಗೆದು ಬೆರಳಿನಿಂದ ಸವರಿ ನೋಡಿ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟಿ. ಎಲ್ಲಿ ಸದ್ದು ಮೊಂಡಾಗುತ್ತದೋ ಅಲ್ಲಿ ತುಕ್ಕಿನ ಚಕ್ಕೆ ತುಂಬಿಕೊಂಡಿದೆ. ಗುಳ್ಳೆ ಎದ್ದ ಬಣ್ಣವನ್ನು ತುದಿಯಿಂದ ಚುಚ್ಚಿ. ತುದಿ ಒಳಗೆ ಇಳಿದರೆ ಆ ಸ್ಟ್ಯಾಂಡ್ ಗುಜರಿಗೆ.

ವೆಲ್ಡಿಂಗ್ ಮಾಡಿಸಿ ಸರಿ ಮಾಡಬಹುದಲ್ಲ ಅಂತ ನನ್ನನ್ನು ಕೇಳಿದವರಿದ್ದಾರೆ. ತೆಳ್ಳಗಾದ ಕೊಳವೆಗೆ ವೆಲ್ಡಿಂಗ್ ನಿಲ್ಲುವುದಿಲ್ಲ. ನಿಂತರೂ ಅದರ ಪಕ್ಕದ ಜಾಗ ಇನ್ನೂ ದುರ್ಬಲ ಆಗುತ್ತದೆ. ನಾನು ಮಾಡಿಸುವುದಿಲ್ಲ.

ಲಕ್ಷಣ: ಕಾಲಿಡುವ ತಟ್ಟೆ ಒಂದು ಕಡೆ ವಾಲಿದೆ

ನೇತು ಹಾಕುವ ಸ್ಟ್ಯಾಂಡಿನಲ್ಲಿ ತಟ್ಟೆಯ ಭಾರವೆಲ್ಲ ಎರಡು ಉಕ್ಕಿನ ಕೇಬಲ್ ಮೇಲೆ. ಕೇಬಲ್ಲಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದು ನೋಡಲು ಹೊಸದರಂತೆ ಇದ್ದರೂ ತುದಿಯಲ್ಲಿ, ಲೋಹದ ತೋಳನ್ನು ಅದುಮಿ ಗಂಟು ಮಾಡಿದ ಜಾಗದಲ್ಲಿ, ನೀರು ಕೂತು ತುಕ್ಕು ಹಿಡಿಯುತ್ತದೆ. ಅಲ್ಲಿ ಹೊದಿಕೆಯ ಕೆಳಗಿಂದ ಕಂದು ನೀರು ಇಳಿದ ಕಲೆ ಇದೆಯಾ? ಕೇಬಲ್ಲನ್ನು ಸ್ವಲ್ಪ ಬಗ್ಗಿಸಿದರೆ ಒಳಗೆ ಮರಳು ತುಳಿದ ಹಾಗೆ ಕರಕರ ಅನ್ನುತ್ತದಾ? ಒಂದೇ ಒಂದು ಎಳೆ ಸೂಜಿಯಂತೆ ಹೊರಗೆ ಚಾಚಿದ್ದರೂ ಆ ಕೇಬಲ್ ಮುಗಿಯಿತು. ತಯಾರಿಸಿದವರು ಬದಲಿ ಕೇಬಲ್ ಕೊಟ್ಟರೆ ಎರಡನ್ನೂ ಒಟ್ಟಿಗೆ ಹಾಕಿ. ಇಲ್ಲದಿದ್ದರೆ ಸ್ಟ್ಯಾಂಡ್ ಬಿಡಿ.

ಕೇಬಲ್ ಸರಿಯಿದ್ದೂ ವಾಲಿದ್ದರೆ ಪಟ್ಟಿ ಜಾರಿದೆ, ಅಥವಾ ಮರವೇ ಓರೆ. ಏಣಿ ಸ್ಟ್ಯಾಂಡಾದರೆ ಪಾದ ನೋಡಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಣ್ಣು ಒಂದು ಪಾದವನ್ನು ಮೇಲೆತ್ತಿರುತ್ತದೆ, ವಸಂತದಲ್ಲಿ ಇನ್ನೊಂದು ಕುಸಿದಿರುತ್ತದೆ. ಮಣ್ಣು ಸಮ ಮಾಡಿ. ಇಟ್ಟಿಗೆ, ಕಲ್ಲು ಕೊಟ್ಟು ಎತ್ತರ ಸರಿಪಡಿಸಬೇಡಿ.

ಲಕ್ಷಣ: ಹತ್ತುವಾಗ ಏಣಿ ನಡುವೆ ಬಾಗುತ್ತದೆ

ಏಣಿಯ ನಡುವಿನಿಂದ ಮರಕ್ಕೆ ಹೋಗುವ ಅಡ್ಡ ಸರಳು ಇರಬೇಕು. ಹೆಚ್ಚಿನ ಹಳೆಯ ಸ್ಟ್ಯಾಂಡುಗಳಲ್ಲಿ ಅದನ್ನು ಹಾಕಿಯೇ ಇರುವುದಿಲ್ಲ, ಇಲ್ಲವೇ ಕಳೆದಿರುತ್ತದೆ. ಅದಿಲ್ಲದೆ ಹತ್ತಬೇಡಿ. ಏಣಿಯನ್ನು ಹೊಸದಾಗಿ ನಿಲ್ಲಿಸುವಾಗ ಮೂರು ಜನ ಬೇಕು. ಮೇಲಿನ ಪಟ್ಟಿ ಬಿಗಿಯುವವರೆಗೂ ಇಬ್ಬರು ಕೆಳಗೆ ಹಿಡಿದೇ ಇರಬೇಕು.

ಲಕ್ಷಣ: ಎಲ್ಲವೂ ಸರಿಯಿದೆ, ಆದರೆ ಸ್ಟ್ಯಾಂಡಿನ ಚೀಟಿ ಇಲ್ಲ

ಎಷ್ಟು ಭಾರ ತಡೆಯುತ್ತದೆ ಅಂತ ಬರೆದ ಚೀಟಿ ಅದು. ಸಾಮಾನ್ಯವಾಗಿ 300 ಪೌಂಡ್, ಅಂದರೆ ಸುಮಾರು 136 ಕಿಲೋ ಅಂತ ಇರುತ್ತದೆ. ಕೆಲವು ಹಳೆಯವಕ್ಕೆ ಅದಕ್ಕಿಂತ ಕಡಿಮೆ. ಆ ಲೆಕ್ಕದಲ್ಲಿ ನಿಮ್ಮ ತೂಕ ಮಾತ್ರ ಅಲ್ಲ, ನವೆಂಬರಿನ ದಪ್ಪ ಜಾಕೆಟ್, ಬೂಟು, ಚೀಲ, ಬಂದೂಕು ಎಲ್ಲ ಸೇರಿದೆ. ಚೀಟಿ ಇಲ್ಲ, ಯಾವ ಮಾದರಿ ಅಂತಲೂ ಗೊತ್ತಿಲ್ಲ ಅಂದರೆ ಆ ಮಾದರಿಯನ್ನು ಕಂಪನಿ ವಾಪಸ್ ಕರೆಸಿಕೊಂಡಿದೆಯಾ ಅಂತ ಪರೀಕ್ಷಿಸಲೂ ಆಗುವುದಿಲ್ಲ. ಅಂಥದ್ದನ್ನು ನಾನು ಬಳಸುವುದಿಲ್ಲ.

ಮರದ ಹಲಗೆಯ ಅಟ್ಟಣೆ

ಇದಕ್ಕೆ ಲಕ್ಷಣ ಹುಡುಕುವ ಕೆಲಸವೇ ಬೇಡ, ಕೆಡವಿ. ಮೊಳೆ ಮರದೊಳಗೆ ತುಕ್ಕು ಹಿಡಿದಿರುತ್ತದೆ, ತಲೆ ಮಾತ್ರ ಹೊರಗೆ ಕಾಣುತ್ತಿರುತ್ತದೆ. ಗಾಳಿಗೆ ಮರ ತೂಗಿದಾಗಲೆಲ್ಲ ಹಲಗೆ ಮೊಳೆಯನ್ನು ಕೊಂಚ ಕೊಂಚ ಕಿತ್ತಿರುತ್ತದೆ. ನಮ್ಮಲ್ಲಿದ್ದ ಅಟ್ಟಣೆಯ ಕೆಳ ಮೆಟ್ಟಿಲನ್ನು ಕೈಯಲ್ಲಿ ತಿರುಗಿಸಿದೆ, ಗಡಿಯಾರದ ಮುಳ್ಳಿನಂತೆ ತಿರುಗಿತು. ಅದನ್ನು ದೂರದಿಂದ ಹಗ್ಗ ಕಟ್ಟಿ ಎಳೆದು ಬೀಳಿಸಿದೆವು.

ಹಾರ್ನೆಸ್‌ನ ತಪಾಸಣೆ

ಸ್ಟ್ಯಾಂಡ್ ಹೊಸದೇ ಇರಲಿ, ಹಾರ್ನೆಸ್ ಇಲ್ಲದೆ ಕಾಲು ನೆಲ ಬಿಡಬಾರದು. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟ್ ಸಿಕ್ಕರೆ ಎಸೆಯಿರಿ. ಬಿದ್ದಾಗ ಅದು ಹೊಟ್ಟೆಯಿಂದ ಎದೆಗೆ ಸರಿದು ಉಸಿರು ಕಟ್ಟಿಸುತ್ತದೆ. ಭುಜ, ಎದೆ, ತೊಡೆ ಎಲ್ಲವನ್ನೂ ಹಿಡಿಯುವಂಥದ್ದೇ ಬೇಕು.

ಹಾರ್ನೆಸ್‌ನ ಒಳಗೆ ಹೊಲಿದ ಚೀಟಿಯಲ್ಲಿ ತಯಾರಾದ ತಾರೀಖು ಇರುತ್ತದೆ. ಅಲ್ಲಿಂದ ಐದು ವರ್ಷ ಅದರ ಆಯಸ್ಸು. ಪೆಟ್ಟಿಗೆಯಲ್ಲೇ ಇಟ್ಟಿದ್ದೆ, ಒಮ್ಮೆಯೂ ಹಾಕಿಲ್ಲ ಅಂದರೂ ಅಷ್ಟೇ. ಯಾರಾದರೂ ಅದರಲ್ಲಿ ಒಮ್ಮೆ ಬಿದ್ದಿದ್ದರೆ ಅವತ್ತಿಗೇ ಮುಗಿಯಿತು. ಸೆಕೆಂಡ್ ಹ್ಯಾಂಡ್ ಹಾರ್ನೆಸ್ ಬೇಡ ಅನ್ನುವುದು ಇದಕ್ಕೇ, ಯಾರು ಬಿದ್ದಿದ್ದರು ಅಂತ ಅದು ಹೇಳುವುದಿಲ್ಲ. ಹೊಲಿಗೆಯ ದಾರ ಬಿಟ್ಟಿದೆಯಾ, ಬಕಲ್ ಬಿರುಕು ಬಿಟ್ಟಿದೆಯಾ, ಇಲಿ ಕಡಿದಿದೆಯಾ ಅಂತ ಬೆಳಕಿನಲ್ಲಿ ನೋಡಿ.

ಇಲ್ಲಿ ಕಾಣುವ ಸಾಮಾನ್ಯ ತಪ್ಪು ಅಂದರೆ ಮೇಲೆ ಹೋಗಿ ಕೂತ ಮೇಲೆ ಕೊಂಡಿ ಹಾಕುವುದು. ಬೀಳುವುದು ಹೆಚ್ಚಾಗಿ ಹತ್ತುವಾಗ, ಇಳಿಯುವಾಗ, ಏಣಿಯಿಂದ ಸೀಟಿಗೆ ದಾಟುವಾಗ. ಅದಕ್ಕೇ ಲೈಫ್‌ಲೈನ್ ಬೇಕು. ಸ್ಟ್ಯಾಂಡಿಗಿಂತ ಮೇಲಿನಿಂದ ನೆಲದವರೆಗೆ ಬರುವ ಒಂದು ಹಗ್ಗ, ಅದರ ಮೇಲೆ ಪ್ರುಸಿಕ್ ಗಂಟು. ಹತ್ತುತ್ತಾ ಗಂಟನ್ನು ಕೈಯಲ್ಲಿ ಮೇಲೆ ಸರಿಸುತ್ತೀರಿ. ಜೋರಾಗಿ ಎಳೆತ ಬಿದ್ದರೆ ಅದು ಹಗ್ಗವನ್ನು ಕಚ್ಚಿ ನಿಲ್ಲುತ್ತದೆ. ನೆಲದಲ್ಲೇ ನಿಂತು ಜಗ್ಗಿ ಪರೀಕ್ಷಿಸಿ. ಗಂಟು ಜಾರಿದರೆ ಹಗ್ಗ ಸವೆದು ನುಣುಪಾಗಿದೆ ಅಥವಾ ಗಂಟು ತಪ್ಪಾಗಿದೆ. ಕೂತಾಗ ಹಾರ್ನೆಸ್‌ನ ಬೆನ್ನಿನಿಂದ ಮರಕ್ಕೆ ಕಟ್ಟುವ ಪಟ್ಟಿ ತಲೆಯ ಮೇಲೆ ಹೋಗಬೇಕು, ಸಡಿಲ ಇರಬಾರದು. ಸಡಿಲ ಎಷ್ಟಿದೆಯೋ ಅಷ್ಟು ದೂರ ನೀವು ಬೀಳುತ್ತೀರಿ.

ಬಿದ್ದು ನೇತಾಡುವ ಪರಿಸ್ಥಿತಿ ಬಂದರೆ ಸುಮ್ನೆ ನೇತಾಡಬೇಡಿ. ತೊಡೆಯ ಪಟ್ಟಿ ಒತ್ತಿ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ಹಾರ್ನೆಸ್ ಜೊತೆ ಬರುವ ಕಾಲುಪಟ್ಟಿಯನ್ನು ಕುಣಿಕೆ ಮಾಡಿ ಅದರಲ್ಲಿ ನಿಂತು ಭಾರ ಕಾಲಿಗೆ ತನ್ನಿ, ಕಾಲು ಆಡಿಸುತ್ತಲೇ ಇರಿ, ಸ್ಟ್ಯಾಂಡಿಗೆ ವಾಪಸ್ ಬರಲು ನೋಡಿ. ಆಗದಿದ್ದರೆ 911. ಫೋನು ಚೀಲದಲ್ಲಿ ಇರಬಾರದು, ಎದೆಯ ಜೇಬಿನಲ್ಲಿ ಕೈಗೆ ಸಿಗುವಂತಿರಲಿ. ಇದನ್ನು ಮನೆಯವರ ಎದುರು, ನೆಲದಿಂದ ಎರಡಡಿ ಎತ್ತರದಲ್ಲಿ ಒಮ್ಮೆ ಅಭ್ಯಾಸ ಮಾಡಿ. ನನ್ನ ಹೆಂಡತಿ ಆ ಅಭ್ಯಾಸ ನೋಡಿದ ಮೇಲೆ ನಾನು ಎಲ್ಲಿ ಕೂರುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಫ್ರಿಜ್ ಮೇಲೆ ಬರೆದಿಡದೆ ಹೊರಡಲು ಬಿಟ್ಟಿಲ್ಲ.

ಕೊನೆಯ ಪರೀಕ್ಷೆ

ಎಲ್ಲ ಹೊಸ ಭಾಗ ಹಾಕಿದ ಮೇಲೂ ನೇರವಾಗಿ ಹದಿನೈದು ಅಡಿಗೆ ಹೋಗಬೇಡಿ. ನೇತು ಹಾಕುವ ಸ್ಟ್ಯಾಂಡನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಕಟ್ಟಿ, ಬೇಟೆಗೆ ಹೋಗುವ ಪೂರ್ತಿ ಉಡುಪು, ಚೀಲದೊಂದಿಗೆ ಅರ್ಧ ಗಂಟೆ ಕೂತು ಎದ್ದು ನೋಡಿ. ಇಳಿದು ಪಟ್ಟಿ, ಕೇಬಲ್, ಬೋಲ್ಟ್ ಇನ್ನೊಮ್ಮೆ ಮುಟ್ಟಿ. ಸರಿಯಿದ್ದರೆ ಮಾತ್ರ ಮೇಲೆ. ಹತ್ತುವಾಗ ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಯಾವಾಗಲೂ ಏಣಿ ಮೇಲಿರಬೇಕು. ಬಿಲ್ಲು, ಗುಂಡು ತೆಗೆದ ಬಂದೂಕು ಹಗ್ಗದಲ್ಲಿ ಆಮೇಲೆ ಬರಲಿ.

ನಮ್ಮ ಮೂರು ಸ್ಟ್ಯಾಂಡಿನಲ್ಲಿ ಉಳಿದದ್ದು ಏಣಿಯದೊಂದೇ. ಹೊಸ ಪಟ್ಟಿ, ಹೊಸ ಪಿನ್ ಹಾಕಿ ಈಗ ಓಕ್ ಮರದಲ್ಲಿದೆ. ಕೆಳ ಮೆಟ್ಟಿಲಿಗೆ ಪ್ಲಾಸ್ಟಿಕ್ ಚೀಟಿ ಕಟ್ಟಿ, ಪಟ್ಟಿ ಹಾಕಿದ ತಿಂಗಳು, ವರ್ಷ ಬರೆದಿದ್ದೇನೆ. ನೇತು ಹಾಕುವುದನ್ನು ಗುಜರಿಗೆ ಕೊಡುವ ಮುಂಚೆ ಕೇಬಲ್ ಎರಡನ್ನೂ ಕತ್ತರಿಸಿದೆ. ಹಳೆಯ ಹಾರ್ನೆಸ್‌ನ ಪ್ರತಿ ಪಟ್ಟಿಯನ್ನೂ ತುಂಡು ಮಾಡಿ ಬೇರೆ ಬೇರೆ ವಾರ ಕಸಕ್ಕೆ ಹಾಕಿದೆ. ನೀವೂ ಹಾಗೇ ಮಾಡಿ. ಇಡಿಯಾಗಿ ಬಿಸಾಡಿದರೆ ಯಾರೋ ಒಬ್ಬರು ಚೆನ್ನಾಗೇ ಇದೆಯಲ್ಲ ಅಂತ ಎತ್ತಿಕೊಂಡು ಹೋಗುತ್ತಾರೆ.